ಸಂಡೂರಿನ ಲಂಬಾಣಿ ತಾಂಡಾಗಳಿಗೆ ಹೋಗುವವರಿಗೆ: ಹೊರಡುವ ಮೊದಲಿನಿಂದ ಮನೆಗೆ ಮರಳಿದ ಮೇಲಿನವರೆಗೆ

ಹಂಪಿಗೆ ಬಂದವರು ಈಗೀಗ ಜಾಸ್ತಿ ಕೇಳುವ ಪ್ರಶ್ನೆ ಇದು: "ಇಲ್ಲೇ ಹತ್ತಿರ ಲಂಬಾಣಿ ತಾಂಡಾ ಯಾವುದಾದರೂ ನೋಡಬಹುದಾ?" ನೋಡಬಹುದು. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ಇದೆ. ಸುತ್ತಲೂ ಗುಡ್ಡ, ಗುಡ್ಡದಲ್ಲಿ ಅದಿರು, ಗುಡ್ಡದ ಬುಡದಲ್ಲಿ ತಾಂಡಾಗಳು. ದಾರಿ ಕಷ್ಟದ್ದಲ್ಲ. ಅನುಮತಿ ಪತ್ರ, ಟಿಕೆಟ್ಟು ಯಾವುದೂ ಬೇಕಿಲ್ಲ. ತೊಂದರೆ ಇರುವುದು ಅಲ್ಲೇ. ಟಿಕೆಟ್ ಇಲ್ಲದ ಜಾಗ ಅಂದಕೂಡಲೇ ಕಾರು ನಿಲ್ಲಿಸಿ, ನಾಲ್ಕು ಫೋಟೊ ಹೊಡೆದು, ಹತ್ತು ನಿಮಿಷದಲ್ಲಿ ಹೊರಟುಬಿಡುವವರು ತುಂಬ ಇದ್ದಾರೆ. ತಾಂಡಾ ಅಂದರೆ ಜನರ ಮನೆಗಳು. ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಕಟ್ಟೆ ಮೇಲೆ ಅಜ್ಜ ಮಲಗಿರುತ್ತಾನೆ. ನೆಂಟರ ಮನೆಗೆ ಹೋಗುವಾಗ ಹೇಗೆ ಮೊದಲೇ ಹೇಳಿ ಕಳಿಸುತ್ತೇವೋ, ಹೊತ್ತು ಇಟ್ಟುಕೊಂಡು ಹೋಗುತ್ತೇವೋ, ಇಲ್ಲಿಗೂ ಹಾಗೇ ಹೋಗಬೇಕು. ಇಷ್ಟು ಮಾಡಿದರೆ ಸಿಗುವುದು ಬಹಳ. ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಯಾರ ಮನೆಗೆ ಹೋಗುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ನಾವು ಲಂಬಾಣಿಗರು, ಬಂಜಾರರು ಅಂತ ಕರೆಯುವ ಜನ ತಮ್ಮನ್ನು ಗೋರ್ ಅಂತ ಕರೆದುಕೊಳ್ಳುತ್ತಾರೆ. ಅವರ ಮಾತು ಗೋರ್ ಬೋಲಿ. ಅದಕ್ಕೆ ಸ್ವಂತ ಲಿಪಿ ಇಲ್ಲ, ನಮ್ಮ ಕಡೆ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಶತಮಾನಗಳ ಕಾಲ ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ನಿನ ಉದ್ದಗಲ ಸಾಗಿಸಿದವರು ಇವರು. ಸೈನ್ಯಗಳಿಗೆ ಕಾಳುಕಡಿ ಮುಟ್ಟಿಸಿದ್ದೂ ಇವರೇ. ಬ್ರಿಟಿಷರ ಕಾಲದಲ್ಲಿ ರೈಲು, ರಸ್ತೆ ಬಂದವು, ಆ ಕಸುಬು ಹೋಯಿತು. ಅದರ ಮೇಲೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಊರೂರು ತಿರುಗುತ್ತಿದ್ದ ಎಷ್ಟೋ ಸಮುದಾಯಗಳನ್ನು, ಬಂಜಾರರ ಹಲವು ಗುಂಪುಗಳನ್ನೂ ಸೇರಿಸಿ, ಹುಟ್ಟಿನಿಂದಲೇ ಕಳ್ಳರು ಅಂತ ದಾಖಲೆಯಲ್ಲಿ ಬರೆದರು. ಅದು ರದ್ದಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಈಗಿನ ಅಜ್ಜ ಅಜ್ಜಿಯರ ಅಪ್ಪಂದಿರ ಕಾಲದ ಮಾತು ಇದು, ಅಷ್ಟೇನೂ ಹಳೆಯದಲ್ಲ. ತಾಂಡಾದಲ್ಲಿ ಯಾವ ಪ್ರಶ್ನೆ ಕೇಳಬಾರದು ಅನ್ನುವುದಕ್ಕೆ ಕಾರಣ ಈ ಕಥೆಯಲ್ಲೇ ಇದೆ. ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ. "ಗುಡ್ಡಗಾಡು ಬುಡಕಟ್ಟು" ಅಂತ ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡು ಹೋಗಬೇಡಿ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಪರಿಶಿಷ್ಟ ಪಂಗಡದಲ್ಲಿ ಅಲ್ಲ. ತಾಂಡಾದಲ್ಲಿ ಮೇಷ್ಟ್ರು ಇದ್ದಾರೆ, ಪೊಲೀಸರು ಇದ್ದಾರೆ, ಅದಿರು ಲಾರಿ ಓಡಿಸುವವರು, ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಮಕ್ಕಳು ಇದ್ದಾರೆ. ಆರ್‌ಸಿಸಿ ಮನೆ, ಡಿಶ್ ಆ್ಯಂಟೆನಾ, ಬೈಕು ನೋಡಿ "ಅಯ್ಯೋ, ಎಲ್ಲಾ ಬದಲಾಗಿಬಿಟ್ಟಿದೆ" ಅಂತ ಬೇಜಾರು ಮಾಡಿಕೊಳ್ಳುವ ಪ್ರವಾಸಿಗರ ಬಗ್ಗೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಮ್ಮ ಮನೆ ಬದಲಾಗಬಹುದು, ಅವರ ಮನೆ ಮಾತ್ರ ಹಾಗೇ ಇರಬೇಕಾ? ಎಷ್ಟೋ ತಾಂಡಾಗಳಿಗೆ ಕಂದಾಯ ಗ್ರಾಮ ಅನ್ನುವ ಹೆಸರೇ ಇರಲಿಲ್ಲ, ಮನೆಯ ಜಾಗಕ್ಕೆ ಕಾಗದ ಇರಲಿಲ್ಲ. 2023ರ ಜನವರಿಯಲ್ಲಿ ರಾಯಚೂರು ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಸ್ವಂತ ಗೋಡೆ, ಸ್ವಂತ ಕಾಗದ ಅನ್ನುವುದು ಆ ಜನಕ್ಕೆ ಎಂಥ ದೊಡ್ಡ ಸಂಗತಿ ಅಂತ ಇದರಿಂದ ಊಹಿಸಿಕೊಳ್ಳಿ.

ಎರಡನೆಯದು: ಯಾವಾಗ ಹೋಗಬೇಕು

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆಯದು. ಮಳೆಗೆ ಸಂಡೂರಿನ ಗುಡ್ಡಗಳು ಹಸಿರಾಗಿರುತ್ತವೆ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂತ ಅವರು ಹೇಳಿದ್ದರು ಅನ್ನುವ ಮಾತನ್ನು ಇಲ್ಲಿಯ ಜನ ಈಗಲೂ ಹೇಳುತ್ತಾರೆ. ಏಪ್ರಿಲ್, ಮೇ ಬೇಡವೇ ಬೇಡ. ಬಳ್ಳಾರಿ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ.

ಆದರೆ ಹವಾಮಾನಕ್ಕಿಂತ ಮುಖ್ಯ ಇನ್ನೊಂದಿದೆ: ಮನೆಯಲ್ಲಿ ಜನ ಇರುತ್ತಾರಾ ಅನ್ನುವುದು. ಸುಗ್ಗಿ ಮುಗಿದ ಮೇಲೆ ಈ ಭಾಗದ ತಾಂಡಾಗಳಿಂದ ತುಂಬ ಜನ ಗುಳೆ ಹೋಗುತ್ತಾರೆ. ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಕೆಲವು ಓಣಿಗಳಲ್ಲಿ ಬೀಗ ಹಾಕಿದ ಬಾಗಿಲುಗಳೇ ಕಾಣುತ್ತವೆ, ಮನೆ ಕಾಯಲು ಮುದುಕರು, ಮಕ್ಕಳು ಇರುತ್ತಾರೆ. ದೊಡ್ಡವರಿಲ್ಲದ ಮನೆಗಳ ಅಂಗಳಕ್ಕೆ ಕ್ಯಾಮೆರಾ ಹಿಡಿದು ಹೋಗುವುದು ಸರಿಯಲ್ಲ.

ದಿನದ ಹೊತ್ತೂ ನೋಡಿಕೊಳ್ಳಿ. ಬಿತ್ತನೆ, ಕಳೆ, ಕೊಯ್ಲಿನ ದಿನಗಳಲ್ಲಿ ಹೆಂಗಸರು ಬೆಳಗ್ಗೆಯೇ ಹೊಲಕ್ಕೆ ಹೋಗಿಬಿಡುತ್ತಾರೆ. ಮಧ್ಯಾಹ್ನ ಊಟದ ಮೇಲೆ, ನೆರಳಿನಲ್ಲಿ ಸೂಜಿ ಹಿಡಿದು ಕೂರುವ ಹೊತ್ತು ಒಳ್ಳೆಯದು. ಸಂಜೆಯಾಗುವ ಮೊದಲು ಹೊರಡಿ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ದರೋಜಿ ಕರಡಿಧಾಮ ಇಲ್ಲಿಂದ ದೂರವೇನಿಲ್ಲ.

ಹಬ್ಬಗಳ ವಿಷಯ. ದೀಪಾವಳಿ ತಾಂಡಾದ ದೊಡ್ಡ ಹಬ್ಬ. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುತ್ತಾರೆ, ಇದಕ್ಕೆ ಮೇರಾ ಅನ್ನುತ್ತಾರೆ. ಮರುದಿನ ಗುಂಪಾಗಿ ಕಾಡಿಗೆ ಹೋಗಿ ಹೂ ತರುತ್ತಾರೆ. ಶ್ರಾವಣದ ಹೊತ್ತಿನ ತೀಜ್‌ನಲ್ಲಿ ಹುಡುಗಿಯರು ಪುಟ್ಟ ಬುಟ್ಟಿಗಳಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು ಸಸಿ ಬೆಳೆಸುತ್ತಾರೆ. ಹೋಳಿಯಲ್ಲಿ ಗಂಡಸರ ಲೇಂಗಿ ಹಾಡು, ಕುಣಿತ. ಇವು ಯಾವುವೂ ಪ್ರವಾಸಿಗರಿಗಾಗಿ ಮಾಡುವ ಕಾರ್ಯಕ್ರಮಗಳಲ್ಲ. ಮನೆಯವರು ಬಾಯಿಬಿಟ್ಟು ಕರೆದರೆ ಮಾತ್ರ ಹೋಗಿ. ಮೊದಲ ಸಲ ಹೋಗುವವರು ಹಬ್ಬ ಬಿಟ್ಟು ಸಾದಾ ದಿನವೇ ಆರಿಸಿಕೊಳ್ಳಲಿ ಅಂತ ನನ್ನ ಸಲಹೆ. ಹಬ್ಬದ ದಿನ ಅವರಿಗೆ ನಿಮ್ಮ ಜೊತೆ ಕೂರಲು ಬಿಡುವು ಎಲ್ಲಿಂದ ಬರಬೇಕು? ಲಂಬಾಣಿಗರು ಗುರು ಅಂತ ಪೂಜಿಸುವ ಸೇವಾಲಾಲ್ ಅವರ ಜಯಂತಿ ಫೆಬ್ರವರಿ 15ಕ್ಕೆ, ಅದರ ಆಸುಪಾಸಿನಲ್ಲಿ ಮಾಲೆ ಹಾಕಿದವರು ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪಕ್ಕೆ ಪಾದಯಾತ್ರೆ ಹೋಗುತ್ತಾರೆ. ಸೇವಾಲಾಲ್ ಮಹಾರಾಜರು 1739ರಲ್ಲಿ ಹುಟ್ಟಿದ್ದು ಅಲ್ಲಿ ಅನ್ನುವುದು ನಂಬಿಕೆ. ಆ ವಾರ ತಾಂಡಾದ ಹಿರಿಯರು ಸಿಗುವುದು ಅನುಮಾನ.

ಮೂರನೆಯದು: ಕರೆದುಕೊಂಡು ಹೋಗುವವರನ್ನು ಹುಡುಕಿ

ಇಡೀ ಪ್ರವಾಸ ಚೆನ್ನಾಗಿ ಆಗುತ್ತದಾ ಇಲ್ಲವಾ ಅನ್ನುವುದು ಇದರ ಮೇಲೇ ನಿಂತಿದೆ. ನೇರವಾಗಿ ಹೋಗಿ ನಿಂತರೆ ಯಾರೂ ಬೈಯುವುದಿಲ್ಲ, ಕುರ್ಚಿ ಹಾಕಿ ಚಹಾನೂ ಕೊಟ್ಟಾರು. ಆದರೆ "ಇವರು ಯಾರು, ಯಾಕೆ ಬಂದರು" ಅನ್ನುವ ಗುಮಾನಿ ಕೊನೆಯವರೆಗೂ ಹೋಗುವುದಿಲ್ಲ. ಸರ್ವೆಯವರಾ, ಬ್ಯಾಂಕಿನವರಾ, ಟಿವಿಯವರಾ ಅಂತ ಕೇಳುತ್ತಾರೆ. ಪರಿಚಯದವರ ಜೊತೆ ಹೋದರೆ ಈ ಕಥೆಯೇ ಇರುವುದಿಲ್ಲ.

ಸುಲಭದ ದಾರಿ ಸಂಡೂರಿನ ಕುಶಲ ಕಲಾ ಕೇಂದ್ರ. 1980ರ ದಶಕದಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಸುತ್ತಲಿನ ತಾಂಡಾಗಳ ಹೆಂಗಸರು ಕಸೂತಿ ಮಾಡುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, ಇಲ್ಲಿಯ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಮೊದಲು ಕೇಂದ್ರಕ್ಕೆ ಹೋಗಿ, ಕೆಲಸ ನೋಡಿ, ಅಲ್ಲಿಯವರನ್ನು ಕೇಳಿ. ಕಸೂತಿಗೆ ಹೆಸರಾದ ಸುಶೀಲಾನಗರದಂಥ ಊರಿಗೆ ಯಾವಾಗ ಹೋದರೆ ಅನುಕೂಲ, ಯಾರ ಮನೆಗೆ ಹೋಗಬಹುದು ಅಂತ ಅವರೇ ಹೇಳುತ್ತಾರೆ.

ಎರಡನೇ ದಾರಿ ಇನ್ನೂ ಚೆನ್ನ: ಗೆಳೆಯರು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜು, ಹಾಸ್ಟೆಲ್, ಕಚೇರಿಗಳಲ್ಲಿ ತಾಂಡಾದಿಂದ ಬಂದವರು ಎಷ್ಟು ಜನ ಇಲ್ಲ? "ನಿಮ್ಮೂರಿಗೆ ಒಂದು ದಿನ ಬರಲಾ" ಅಂತ ಕೇಳಿ. ಊರಿನ ಶಾಲೆಯ ಶಿಕ್ಷಕರು, ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರ ಪರಿಚಯವಿದ್ದರೂ ಆಗುತ್ತದೆ. ಹಂಪಿಯ ಕಡೆ "ಟ್ರೈಬಲ್ ವಿಲೇಜ್ ಟೂರ್" ಅಂತ ಯಾರಾದರೂ ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: ಈ ದುಡ್ಡಿನಲ್ಲಿ ತಾಂಡಾದ ಮನೆಗೆ ಎಷ್ಟು ಹೋಗುತ್ತದೆ? ತಡವರಿಸಿದರೆ ಬೇಡ ಅನ್ನಿ.

ಗುಂಪು ಚಿಕ್ಕದಿರಲಿ. ಮೂರು ನಾಲ್ಕು ಜನ ಸಾಕು. ಗುಂಪಿನಲ್ಲಿ ಹೆಂಗಸರು ಇದ್ದರೆ ಮಾತು ಬೇಗ ಬೆಳೆಯುತ್ತದೆ.

ನಾಲ್ಕನೆಯದು: ಪ್ರಯಾಣ

ಬಳ್ಳಾರಿಯಿಂದಲೂ ಹೊಸಪೇಟೆಯಿಂದಲೂ ಸಂಡೂರಿಗೆ ಬಸ್ಸು ಇವೆ. ರೈಲಿನಲ್ಲಿ ಬರುವವರು ತೋರಣಗಲ್ಲಿನಲ್ಲಿ ಇಳಿಯಬಹುದು. ಸಂಡೂರಿನಿಂದ ತಾಂಡಾಕ್ಕೆ ಆಟೊ ಸಿಗುತ್ತದೆ, ವಾಪಸ್ ಬರಲು ಅದೇ ಆಟೊದವರಿಗೆ ಹೊತ್ತು ಹೇಳಿಟ್ಟುಕೊಳ್ಳಿ. ಸ್ವಂತ ಗಾಡಿಯಾದರೆ ಅದಿರಿನ ಲಾರಿಗಳ ಬಗ್ಗೆ ಹುಷಾರು. ಬೈಕಿನವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಕೆಂಪು ದೂಳು ಮೂಗಿನವರೆಗೂ ಹೋಗುತ್ತದೆ. ಗಣಿ ಪ್ರದೇಶದ ಒಳಗೆ, ಮೀಸಲು ಅರಣ್ಯದ ಒಳಗೆ ಸುಮ್ನೆ ನುಗ್ಗಬೇಡಿ, ಅಲ್ಲಿಗೆ ಅನುಮತಿ ಬೇಕು. ರಾತ್ರಿ ಉಳಿಯುವುದು ಸಂಡೂರು ಅಥವಾ ಹೊಸಪೇಟೆಯಲ್ಲಿ. ಕೈಯಲ್ಲಿ ಚಿಲ್ಲರೆ ದುಡ್ಡು ಇರಲಿ, ಗುಡ್ಡದ ಕೆಳಗೆ ಫೋನ್‌ಪೇ ನಂಬಿಕೊಂಡು ನಿಲ್ಲುವ ಹಾಗಿಲ್ಲ.

ಐದನೆಯದು: ತಾಂಡಾದೊಳಗೆ ಮೊದಲ ಅರ್ಧ ಗಂಟೆ

ಗಾಡಿಯನ್ನು ಊರ ಹೊರಗೆ ನಿಲ್ಲಿಸಿ ನಡೆದು ಹೋಗಿ. ಕ್ಯಾಮೆರಾ ಚೀಲದಲ್ಲಿರಲಿ, ಕೊರಳಲ್ಲಿ ಬೇಡ. ಹೆಚ್ಚಿನ ತಾಂಡಾಗಳಲ್ಲಿ ಸೇವಾಲಾಲ್ ಮತ್ತು ಮರಿಯಮ್ಮನ ಗುಡಿಗಳು ಅಕ್ಕಪಕ್ಕ ಇರುತ್ತವೆ, ಮೇಲೆ ಬಿಳಿ ಬಾವುಟ. ಚಪ್ಪಲಿ ಬಿಟ್ಟು ಕೈಮುಗಿದು, ಒಂದು ಕಾಯಿ ಒಡೆಸಿ. ನೋಡುತ್ತಿರುವವರಿಗೆ ನೀವು ಯಾವ ಮನಸ್ಸಿನಿಂದ ಬಂದಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಹಿರಿಯರನ್ನು ಕಾಣಬೇಕು. ತಾಂಡಾದ ಮುಖ್ಯಸ್ಥನಿಗೆ ನಾಯಕ್ ಅನ್ನುತ್ತಾರೆ, ಅವನ ಜೊತೆ ವ್ಯವಹಾರ ನೋಡಿಕೊಳ್ಳುವವನು ಕಾರಭಾರಿ. ಈಗ ಗ್ರಾಮ ಪಂಚಾಯಿತಿ ಇದೆ, ಆದರೂ ಮದುವೆ, ಜಗಳ, ಹಬ್ಬದ ಮಾತು ಬಂದರೆ ಇವರ ಮಾತಿಗೆ ತೂಕ ಇದೆ. "ರಾಮ್ ರಾಮ್" ಅಥವಾ "ಜೈ ಸೇವಾಲಾಲ್" ಅನ್ನಿ. ಅಜ್ಜಿಯರನ್ನು "ಯಾಡಿ" ಅಂತ ಕರೆಯಬಹುದು, ತಾಯಿ ಅಂತ. ನಮ್ಮ ಕಡೆಯ "ಯವ್ವಾ" ಕೂಡ ನಡೆಯುತ್ತದೆ. ಎಲ್ಲರಿಗೂ ಕನ್ನಡ ಬರುತ್ತದೆ, ಕೆಲವರಿಗೆ ತೆಲುಗೂ ಬರುತ್ತದೆ. ಭಾಷೆಯ ಚಿಂತೆ ಬೇಡ. ಏಕವಚನ ಮಾತ್ರ ಬೇಡ. ಪೇಟೆಯಿಂದ ಬಂದವರು ತಾಂಡಾದ ಹೆಂಗಸರನ್ನು "ಏ ಬಾರವ್ವ, ಇಲ್ಲಿ ನಿಲ್ಲು" ಅಂತ ಮಾತಾಡಿಸುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಬರಿಗೈಯಲ್ಲಿ ಹೋಗಬೇಡಿ. ಹಣ್ಣು, ಚಹಾಪುಡಿ, ಸಕ್ಕರೆ ಒಳ್ಳೆಯದು. ಮಕ್ಕಳಿಗೆ ಚಾಕಲೇಟು, ಹತ್ತು ರೂಪಾಯಿ ಹಂಚಬೇಡಿ. ಇವತ್ತು ನೀವು ಕೊಟ್ಟರೆ ನಾಳೆ ಬರುವ ಕಾರಿನ ಹಿಂದೆ ಅದೇ ಮಕ್ಕಳು ಓಡುತ್ತಾರೆ, ಅವರ ಅಪ್ಪ ಅಮ್ಮನಿಗೆ ಅದು ಅವಮಾನ. ಕೊಡಲೇಬೇಕು ಅನ್ನಿಸಿದರೆ ಶಾಲೆಗೆ ಹೋಗಿ ಮೇಷ್ಟ್ರನ್ನು ಕೇಳಿ, ನೋಟ್‌ಬುಕ್ಕೋ, ಆಟದ ಸಾಮಾನೋ, ಏನು ಬೇಕು ಅಂತ ಅವರು ಹೇಳುತ್ತಾರೆ.

ಆರನೆಯದು: ಸೂಜಿಯ ಪಕ್ಕ ಕೂರುವುದು

ನನ್ನ ಮಟ್ಟಿಗೆ ಇಡೀ ಪ್ರಯಾಣದ ಸಾರ ಇಲ್ಲಿದೆ. ಒಂದು ಅಂಗಳ ಆರಿಸಿಕೊಳ್ಳಿ, ಎರಡು ಗಂಟೆ ಅಲ್ಲೇ ಕೂರಿ. ಇಡೀ ತಾಂಡಾ ಸುತ್ತಿ ಬರಬೇಕು ಅನ್ನುವ ಆತುರ ಬೇಡ.

ಕನ್ನಡಿ ಕೂರಿಸುವುದನ್ನು ನೋಡಿ. ಉಗುರಿನಗಲದ ಕನ್ನಡಿ ಚೂರನ್ನು ಬಟ್ಟೆ ಮೇಲಿಟ್ಟು ಎಡಗೈ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯುತ್ತಾರೆ. ಮೊದಲು ಅದರ ಮೇಲೆ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಎಳೆ ಹಾಯಿಸಿ ಸಣ್ಣ ಚೌಕಟ್ಟು ಕಟ್ಟುತ್ತಾರೆ. ಆಮೇಲೆ ಆ ಎಳೆಗಳಿಗೆ ಸೂಜಿ ಸಿಕ್ಕಿಸಿ, ಕುಣಿಕೆ ಹಾಕಿ, ಬಟ್ಟೆಗೆ ಎಳೆದು, ಸುತ್ತಲೂ ಬರುತ್ತಾರೆ. ಪ್ರತಿ ಕುಣಿಕೆಗೂ ಮಧ್ಯದ ಎಳೆಗಳು ಒಂಚೂರು ಅಂಚಿಗೆ ಸರಿಯುತ್ತವೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಕನ್ನಡಿಯ ಮುಖ ತೆರೆದುಕೊಂಡಿರುತ್ತದೆ, ಅಂಚು ಮಾತ್ರ ದಾರದೊಳಗೆ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ. ಅಂಟು ಇಲ್ಲ, ಕನ್ನಡಿಯಲ್ಲಿ ತೂತು ಇಲ್ಲ. ಬೆರಳುಗಳು ಇಷ್ಟೆಲ್ಲ ಮಾಡುತ್ತಿರುವಾಗ ಬಾಯಿ ಪಕ್ಕದ ಮನೆಯವಳ ಜೊತೆ ಮಳೆಯ ಬಗ್ಗೆ ಮಾತಾಡುತ್ತಿರುತ್ತದೆ.

ಹೊಲಿಗೆಗಳಲ್ಲಿ 14 ಬಗೆ ಇವೆ ಅನ್ನುತ್ತಾರೆ. ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ತೇರಾ ಡೋರಾ, ಕೌದಿ, ರೇಲೋ, ಪೋಟೆ, ನಾಕ್ರಾ ಹೀಗೆ ಹೆಸರುಗಳು. ಕೌದಿ ಅಂದಕೂಡಲೇ ಹಳೇ ಸೀರೆ ಪದರ ಸೇರಿಸಿ ಹೊಲಿದ ನಮ್ಮ ಮನೆಯ ಹೊದಿಕೆ ನೆನಪಾಗುತ್ತದೆ ಅಲ್ವಾ, ಪದರ ಪದರವಾಗಿ ಹೊಲಿಯುವ ಕೆಲಸವೇ ಅದು. ಬಟ್ಟೆ ಮೇಲೆ ಪೆನ್ಸಿಲ್ ಗುರುತು ಹುಡುಕಬೇಡಿ. ನೂಲಿನ ಎಳೆ ಎಣಿಸಿ ಹೊಲಿಯುವ ಕೆಲಸ ಬಹಳ. ಕವಡೆ, ಮಣಿ, ನಾಣ್ಯ ಎಲ್ಲ ಸೇರುತ್ತವೆ.

ಕಲಿಸಿ ಅಂತ ಕೇಳಿ, ಖುಷಿಯಿಂದ ಕಲಿಸುತ್ತಾರೆ. ಆದರೆ ಎರಡು ಗಂಟೆ ಅವರ ಕೆಲಸ ಬಿಡಿಸಿದ್ದೀರಿ. ಅದಕ್ಕೆ ಎಷ್ಟು ಕೊಡಬೇಕು ಅಂತ ಕರೆದುಕೊಂಡು ಹೋದವರ ಹತ್ತಿರ ಮೊದಲೇ ಕೇಳಿಟ್ಟುಕೊಂಡು, ಹೊರಡುವಾಗ ಕೈಗೆ ಕೊಡಿ.

ಏಳನೆಯದು: ಫೋಟೊ

ಫೇಟಿಯಾ ಲಂಗ, ಕಾಂಚಳಿ ರವಿಕೆ, ತಲೆ ಮೇಲೆ ಕನ್ನಡಿ ಹೊದಿಕೆ, ತೋಳಿನ ತುಂಬ ಬಲಿಯಾ ಬಳೆ, ಕೆನ್ನೆ ಪಕ್ಕ ತೂಗುವ ಘುಗ್ರಿ. ಇದನ್ನು ದಿನವೂ ಉಡುವವರು ಈಗ ವಯಸ್ಸಾದ ಹೆಂಗಸರು. ಸೊಸೆಯಂದಿರು ಸೀರೆ, ನೈಟಿಯಲ್ಲಿರುತ್ತಾರೆ, ಹುಡುಗಿಯರು ಚೂಡಿದಾರದಲ್ಲಿ. "ಫೋಟೊಗೆ ಹಳೇ ಡ್ರೆಸ್ ಹಾಕ್ಕೊಳ್ಳಿ" ಅಂತ ದುಂಬಾಲು ಬೀಳಬೇಡಿ. ಘುಗ್ರಿ ಮದುವೆಯಾದವರ ಒಡವೆ, ಮುಟ್ಟಿ ನೋಡುವುದು, "ಇದನ್ನು ಮಾರ್ತೀರಾ" ಅಂತ ಕೇಳುವುದು ತಪ್ಪು.

ಮೊದಲು ಕೂತು ಮಾತಾಡಿ, ಆಮೇಲೆ ಕೇಳಿ. ಬೇಡ ಅಂದರೆ ಬೇಡ. ನಕ್ಕು ಮುಖ ತಿರುಗಿಸಿದರೂ ಬೇಡ ಅಂತಲೇ ಅರ್ಥ. ಮಕ್ಕಳ ಫೋಟೊಗೆ ತಾಯಿಯ ಒಪ್ಪಿಗೆ ಬೇಕು. ಹುಡುಗಿಯರ ಮುಖ, ಊರಿನ ಹೆಸರು ಎರಡನ್ನೂ ಸೇರಿಸಿ ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಡ್ರೋನ್ ತರಲೇಬೇಡಿ, ಹೆಂಗಸರು ಸ್ನಾನ ಮಾಡುವ ಮರೆಗೆ ಎಷ್ಟೋ ಕಡೆ ಚಾವಣಿ ಇರುವುದಿಲ್ಲ. ತೆಗೆದ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಕಳಿಸಿಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಮೊಮ್ಮಗನ ಫೋನಿನಲ್ಲಿ ಕಳೆದುಹೋಗುತ್ತದೆ, ಪ್ರಿಂಟ್ ಗೋಡೆಗೆ ಏರುತ್ತದೆ.

ಎಂಟನೆಯದು: ಕೊಳ್ಳುವುದು

ಕೊಳ್ಳಿ, ಖಂಡಿತ ಕೊಳ್ಳಿ. ಆದರೆ ಕೈಹೊಲಿಗೆ ಅಂತ ಗುರುತಿಸಲು ಬರಬೇಕು. ಬಟ್ಟೆಯ ಹಿಂಬದಿ ನೋಡಿ. ಕೈಕೆಲಸದಲ್ಲಿ ಹಿಂದೆ ಗಂಟು, ಎಳೆ ದಾಟಿದ ಜಾಗ ಕಾಣುತ್ತದೆ, ಮುಂದಿನ ಬಣ್ಣದ ದಾರವೇ ಹಿಂದೆಯೂ ಇರುತ್ತದೆ. ಮಷೀನ್ ಕೆಲಸದಲ್ಲಿ ಹಿಂದೆಲ್ಲ ಒಂದೇ ತೆಳು ಬಿಳಿ ಅಥವಾ ಕಪ್ಪು ದಾರ ಓಡಿರುತ್ತದೆ. ಕನ್ನಡಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಒತ್ತಿ, ಅಂಟಿಸಿದ್ದಾದರೆ ತಿಳಿಯುತ್ತದೆ. ಹಂಪಿಯ ಬೀದಿಯಲ್ಲಿ ಲಂಬಾಣಿ ಹೆಸರಿನಲ್ಲಿ ಸಿಗುವುದೆಲ್ಲ ಸಂಡೂರಿನದಲ್ಲ.

ಚೌಕಾಸಿ ಮಾಡಬೇಡಿ. ಒಂದು ದಿಂಬಿನ ಚೀಲಕ್ಕೆ ದಿನಗಟ್ಟಲೆ ಕಣ್ಣು ನೆಟ್ಟು ಕೂತಿರುತ್ತಾರೆ, ಅದೂ ಹೊಲದ ಕೆಲಸ, ಅಡುಗೆ ಮುಗಿಸಿದ ಮೇಲೆ. ಮಾಲ್‌ನಲ್ಲಿ ಹೇಳಿದ ರೇಟಿಗೆ ತೆಗೆದುಕೊಳ್ಳುವವರು ಇಲ್ಲಿ ಬಂದು ಐವತ್ತು ರೂಪಾಯಿಗೆ ಎಳೆದಾಡುವುದು ನನಗೆ ಅರ್ಥವಾಗುವುದಿಲ್ಲ. ಅಜ್ಜಿಯ ಹಳೇ ಮದುವೆ ಲಂಗ, ಪೆಟ್ಟಿಗೆಯಲ್ಲಿಟ್ಟ ಹಳೇ ಕೆಲಸ ಕೇಳಬೇಡಿ. ಕಷ್ಟದಲ್ಲಿರುವವರು ಮಾರಿಬಿಡುತ್ತಾರೆ, ಆಮೇಲೆ ಮೊಮ್ಮಗಳಿಗೆ ನೋಡಿ ಕಲಿಯಲು ಮನೆಯಲ್ಲಿ ಏನೂ ಉಳಿಯುವುದಿಲ್ಲ. ಹೊಸದನ್ನು ಕೇಂದ್ರದ ಮೂಲಕ ಆರ್ಡರ್ ಮಾಡಿ.

ಒಂಬತ್ತನೆಯದು: ಊಟ, ಮತ್ತು ಕೇಳಬಾರದ ಮಾತು

ಊಟಕ್ಕೆ ಕರೆದರೆ ಕೂತುಬಿಡಿ. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಹಸಿಮೆಣಸಿನ ಖಾರ. ಬಳ್ಳಾರಿಯ ಯಾವ ಹಳ್ಳಿ ಮನೆಯಲ್ಲೂ ಸಿಗುವ ಊಟವೇ. ವಿಶೇಷಕ್ಕೆ ಕುರಿ ಕೊಯ್ದರೆ ರಕ್ತ ಹಾಕಿ ಮಾಡುವ ಸಳೋಯಿ ಇರುತ್ತದೆ. ತಿನ್ನದವರು ಮೊದಲೇ "ನಾವು ಶಾಖಾಹಾರಿ" ಅಂತ ಹೇಳಿಬಿಡಿ, ತಟ್ಟೆ ಮುಂದೆ ಬಂದ ಮೇಲೆ ಮುಖ ಹಿಂಡಬೇಡಿ. ನೀರು ಕೊಟ್ಟಾಗ ಬಾಟಲಿ ತೆಗೆಯುವುದೂ ಅಷ್ಟೇ ನೋವು ಮಾಡುತ್ತದೆ. ಈ ಜನ ಎಷ್ಟು ಮನೆಗಳ ಹೊಸ್ತಿಲ ಹೊರಗೆ ನಿಂತು ನೀರು ಕುಡಿದಿದ್ದಾರೆ ಅಂತ ನೆನಪಿರಲಿ. ಹೊಟ್ಟೆಯ ಭಯ ಇದ್ದರೆ ಚಹಾ ಕೇಳಿ, ಕುದಿಸಿದ್ದು.

"ಇಲ್ಲಿ ಕಳ್ಳಭಟ್ಟಿ ಸಿಗುತ್ತಾ?" ಇದು ಕೇಳಲೇಬಾರದ ಪ್ರಶ್ನೆ. ತಮಾಷೆಗೂ ಬೇಡ. ಒಂದು ಕಾಲದಲ್ಲಿ ಕಾನೂನೇ ಇವರ ಹಣೆಗೆ ಕಳ್ಳರು ಅಂತ ಬರೆದಿತ್ತು. ಆಮೇಲೆ ಸಾರಾಯಿಯ ಹೆಸರಲ್ಲಿ ಪೊಲೀಸರ ದಾಳಿ ಕಂಡ ತಾಂಡಾಗಳು ಎಷ್ಟೋ. ನೀವು ನಗುತ್ತ ಕೇಳಿದ ಆ ಒಂದು ಮಾತಿನಲ್ಲಿ ಅವರಿಗೆ ಅದೆಲ್ಲ ಕೇಳಿಸುತ್ತದೆ. ಮೀಸಲಾತಿ ಜಗಳ, ಎಷ್ಟು ದುಡೀತೀರಿ, ಗುಳೆ ಯಾಕೆ ಹೋಗ್ತೀರಿ ಇವನ್ನೂ ನೀವಾಗಿ ಎತ್ತಬೇಡಿ. ಅವರೇ ಹೇಳಿದರೆ ಕೇಳಿ. ಗುಳೆಯ ಕಥೆ, ಗಣಿಯ ಕಥೆ, 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ಕೂಲಿ ಹೋದ ಕಥೆ, ಕೇಳುವ ಕಿವಿ ಕಂಡರೆ ಎಲ್ಲ ಹೇಳುತ್ತಾರೆ. ಕೇಳಬಹುದಾದದ್ದು ಬೇಕಾದಷ್ಟಿದೆ: ಈ ಹೊಲಿಗೆ ಯಾರು ಕಲಿಸಿದರು, ಮೊದಲು ತಾಂಡಾ ಎಲ್ಲಿತ್ತು, ಈ ಸಲ ಮಳೆ ಹೇಗೆ, ಮಕ್ಕಳು ಏನು ಓದುತ್ತಿದ್ದಾರೆ.

ಮರಳಿದ ಮೇಲೆ

ಕಳಿಸುತ್ತೇನೆ ಅಂದ ಫೋಟೊವನ್ನು ವಾರದೊಳಗೆ ಕಳಿಸಿ. ತಾಂಡಾಗಳಲ್ಲಿ ಒಂದೇ ಹೆಸರಿನವರು ಹಲವರು ಇರುತ್ತಾರೆ, ಹಾಗಾಗಿ ಲಕೋಟೆ ಮೇಲೆ ಗಂಡನ ಅಥವಾ ಅಪ್ಪನ ಹೆಸರೂ ಬರೆಯಿರಿ, ಇಲ್ಲವೇ ಶಾಲೆಯ ವಿಳಾಸಕ್ಕೆ ಕಳಿಸಿ. ಆರ್ಡರ್ ಕೊಟ್ಟಿದ್ದರೆ ಮುಂಗಡ ಕೊಟ್ಟೇ ಬನ್ನಿ, ದಾರ, ಬಟ್ಟೆ ಕೊಳ್ಳಲು ಆಗುತ್ತದೆ. ಬಿತ್ತನೆ, ಸುಗ್ಗಿಯ ತಿಂಗಳುಗಳಲ್ಲಿ ತಡವಾಗುತ್ತದೆ, ದಿನಾ ಫೋನ್ ಮಾಡಿ ಪೀಡಿಸಬೇಡಿ. ಮದುವೆ ಉಡುಗೊರೆಗೋ ಮತ್ತೊಂದಕ್ಕೋ ಇಂಥ ದಿನವೇ ಬೇಕು ಅಂತಿದ್ದರೆ ಮೂರು ತಿಂಗಳು ಮೊದಲೇ ಹೇಳಿಡಿ.